ಮೀನಿನ ತೊಟ್ಟಿಯ ಮೇಲೆ ದೂರದಿಂದ ಕಣ್ಣಿಟ್ಟ ಬಗೆ

ಕೆಲಸದ ನಿಮಿತ್ತ ವಾರಗಟ್ಟಲೆ ಮನೆಯಿಂದ ದೂರವಿರಬೇಕಾಗಿ ಬಂದಾಗ ನನ್ನನ್ನು ಕಾಡಿದ್ದು ಮೀನುಗಳ ಆಹಾರದ ಚಿಂತೆಯಲ್ಲ. ಅದಕ್ಕೆ ಸ್ವಯಂಚಾಲಿತ ಫೀಡರ್ ಇತ್ತು. ಹೀಟರ್ ಕೆಟ್ಟರೆ, ಫಿಲ್ಟರ್ ನಿಂತರೆ, ನೀರು ಸೋರಿದರೆ ತಿಳಿಯುವುದು ಹೇಗೆ ಎಂಬುದೇ ಚಿಂತೆಯಾಗಿತ್ತು. ಆದ್ದರಿಂದ ಕ್ಯಾಮೆರಾ ಇಡುವ ಮೊದಲೇ ಚಿತ್ರದಲ್ಲಿ ಏನೇನು ಕಾಣಲೇಬೇಕೆಂದು ತೀರ್ಮಾನಿಸಿದೆ: ದೊಡ್ಡ ಅಂಕಿಗಳ ಡಿಜಿಟಲ್ ಥರ್ಮಾಮೀಟರ್, ನೀರಿನ ಮಟ್ಟಕ್ಕೆ ಗುರುತಾಗಿ ಗಾಜಿಗೆ ಅಂಟಿಸಿದ ಕಪ್ಪು ಟೇಪಿನ ತುಂಡು, ಮತ್ತು ಫಿಲ್ಟರ್‌ನ ನೀರು ಬಿದ್ದು ಅಲೆಯೇಳುವ ಮೂಲೆ. ಮೀನುಗಳು ಹೇಗೂ ಎದುರಿಗೆ ಬಂದೇ ಬರುತ್ತವೆ.

ಮೊದಲ ಸಂಜೆಯ ಚಿತ್ರದಲ್ಲಿ ಮೀನಿಗಿಂತ ನನ್ನ ಕಿಟಕಿಯೇ ಸ್ಪಷ್ಟವಾಗಿತ್ತು. ರಾತ್ರಿಯಾಗುತ್ತಲೇ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು, ಅವುಗಳ ಪ್ರತಿಫಲನ ಗಾಜಿನ ನಡುವೆ ಬಿಳಿಯ ಬಿಲ್ಲೆಯಂತೆ ಕುಳಿತಿತು. ಆ ದೀಪಗಳನ್ನು ಸೆಟ್ಟಿಂಗ್‌ನಲ್ಲಿ ಆರಿಸಿ, ತೊಟ್ಟಿಯ ಮೇಲೆಯೇ ಮಂದವಾದ ನೀಲಿ ದೀಪವೊಂದನ್ನು ಇಟ್ಟೆ; ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟೆ. ಓರೆಯಾಗಿ ಇಟ್ಟಾಗ ಮೀನುಗಳ ಅಂಚಿನಲ್ಲಿ ಬಣ್ಣದ ಗೆರೆಗಳು ಮೂಡುತ್ತಿದ್ದವು. ಗಾಜಿಗೆ ನೇರವಾಗಿ, ಸುಮಾರು 80 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿದ ಮೇಲೆ ಅವು ಹೋದವು.

ಆದರೂ ಥರ್ಮಾಮೀಟರ್‌ನ 6 ಮತ್ತು 8 ಒಂದೇ ಬಗೆಯಾಗಿ ಕಾಣುತ್ತಿದ್ದವು. ಇಂತಹ ಕ್ಯಾಮೆರಾಗಳಲ್ಲಿ ಫೋಕಸ್ ಅನ್ನು ಕೋಣೆಯ ದೂರಕ್ಕೆ ಹೊಂದಿಸಿ, ಲೆನ್ಸ್‌ನ ತಿರುಪಿನ ಎಳೆಗೆ ಅಂಟು ಹಾಕಿರುತ್ತಾರೆ. ಆ ಅಂಟನ್ನು ಕೆರೆದು ತೆಗೆದು, ಒಂದು ಕೈಯಲ್ಲಿ ಫೋನಿನ ಚಿತ್ರ ನೋಡುತ್ತ ಇನ್ನೊಂದು ಕೈಯಿಂದ ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ, 26.4 ಎಂಬುದು ತಟ್ಟನೆ ಕಡೆದಿಟ್ಟಂತೆ ನಿಂತಿತು. (ಹೀಗೆ ಮಾಡಿದರೆ ವಾರಂಟಿಯ ಆಸೆಯನ್ನು ಬಿಡಬೇಕು.) ಚಿತ್ರದಲ್ಲಿ ಹರಿದಾಡುತ್ತಿದ್ದ ಕಪ್ಪು ಪಟ್ಟಿಗಳಿಗೆ ಎಲ್‌ಇಡಿ ದೀಪದ ಡಿಮ್ಮರ್ ಕಾರಣ: ಅದು ಬೆಳಕನ್ನು ಕುಗ್ಗಿಸುವುದು ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸುವ ಮೂಲಕ. ಡಿಮ್ಮರನ್ನು ಪೂರ್ಣಕ್ಕೇರಿಸಿ, ಬೆಳಕು ಹೆಚ್ಚಾಗದಂತೆ ದೀಪವನ್ನೇ ಎತ್ತರಕ್ಕೆ ಸರಿಸಿದೆ.

ಸಂಪರ್ಕ ಆಗಾಗ ಕಡಿಯುತ್ತಿದ್ದುದಕ್ಕೆ ರೌಟರನ್ನು ದೂಷಿಸಿದ್ದೆ, ತಪ್ಪು ನನ್ನದೇ. ರೌಟರ್ ಮತ್ತು ಕ್ಯಾಮೆರಾದ ನಡುವೆ ತೊಟ್ಟಿಯೇ ನಿಂತಿತ್ತು, ಮತ್ತು ವೈ-ಫೈ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಕೊನೆಗೆ ವಿದ್ಯುತ್ತನ್ನೂ ದತ್ತಾಂಶವನ್ನೂ ಒಟ್ಟಿಗೆ ಒಯ್ಯುವ ಈಥರ್ನೆಟ್ ಕೇಬಲ್ ಎಳೆದೆ. ತಂತಿಯ ಗುಂಟ ಜಾರುವ ಹನಿ ಸಾಕೆಟ್ ತಲುಪದಂತೆ, ಕೇಬಲ್ಲು ಒಮ್ಮೆ ಸಾಕೆಟ್ಟಿಗಿಂತ ಕೆಳಗಿಳಿದು ಮತ್ತೆ ಮೇಲೇರುವ ಹಾಗೆ ಬಾಗಿಸಿದ್ದೇನೆ. ವಿದ್ಯುತ್ ಹೋದರೂ ಚಿತ್ರ ನಿಲ್ಲದಿರಲು ರೌಟರ್ ಮತ್ತು ಕ್ಯಾಮೆರಾ ಎರಡನ್ನೂ ಒಂದೇ ಯುಪಿಎಸ್‌ಗೆ ಸೇರಿಸಿದ್ದೇನೆ.

ಹೊರಗಿನಿಂದ ನೋಡಲು ರೌಟರ್‌ನಲ್ಲಿ ಪೋರ್ಟ್ ತೆರೆಯುವುದು, ಎಂದರೆ ಇಂಟರ್‌ನೆಟ್‌ನಿಂದ ಕ್ಯಾಮೆರಾಗೆ ನೇರ ದಾರಿ ಬಿಡುವುದು, ಎಲ್ಲಕ್ಕಿಂತ ಸುಲಭ. ಅದನ್ನೇ ನಾನು ಮಾಡಲಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಸಾಧನಗಳನ್ನು ವಶಪಡಿಸಿಕೊಂಡದ್ದು, ಕ್ಯಾಮೆರಾಗಳಂತಹ ಉಪಕರಣಗಳಲ್ಲಿ ಯಾರೂ ಬದಲಿಸದೆ ಬಿಟ್ಟ ಕಾರ್ಖಾನೆಯ ಪಾಸ್‌ವರ್ಡ್‌ಗಳಿಂದ. ನಾನು ಪಾಸ್‌ವರ್ಡ್ ಬದಲಿಸಿ, ಕ್ಯಾಮೆರಾ ತಾನಾಗಿ ಇಂಟರ್‌ನೆಟ್‌ಗೆ ಹೋಗದಂತೆ ರೌಟರ್‌ನಲ್ಲಿಯೇ ತಡೆದು, ಮನೆಯಲ್ಲಿದ್ದ ಪುಟ್ಟ ಕಂಪ್ಯೂಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ (ನನ್ನ ಫೋನಿಗೂ ಮನೆಯ ಜಾಲಕ್ಕೂ ನಡುವಿನ ಗೂಢಲಿಪಿಯ ಖಾಸಗಿ ದಾರಿ) ಸ್ಥಾಪಿಸಿದೆ. ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿದ್ದುದರಿಂದ ಹೊರಗಿನಿಂದ ನನ್ನ ಮನೆಯನ್ನು ನೇರವಾಗಿ ತಲುಪಲಾಗದೆ, ನಡುವೆ ಒಂದು ಸಣ್ಣ ಬಾಡಿಗೆ ಸರ್ವರನ್ನೂ ಇರಿಸಿಕೊಳ್ಳಬೇಕಾಯಿತು.

ಚಲನೆಯ ಎಚ್ಚರಿಕೆಯನ್ನು ಮೊದಲ ದಿನವೇ ಆರಿಸಿದೆ. ಮೀನಿನ ತೊಟ್ಟಿಯಲ್ಲಿ ಚಲಿಸದಿರುವುದಾದರೂ ಏನು? ಅದರ ಬದಲು ಆ ಪುಟ್ಟ ಕಂಪ್ಯೂಟರ್ ಕ್ಯಾಮೆರಾ ಜಾಲದ ಮೂಲಕ ಕಳುಹಿಸುವ ನೇರ ವಿಡಿಯೊದಿಂದ (ಆರ್‌ಟಿಎಸ್‌ಪಿ ಹರಿವು) ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದಿಡುತ್ತದೆ. ಮೊದಲ ಪ್ರವಾಸದ ನಾಲ್ಕನೆಯ ದಿನ ಉಪಯೋಗಕ್ಕೆ ಬಂದದ್ದು ಆ ಚಿತ್ರಗಳೇ. ನೇರ ದೃಶ್ಯದಲ್ಲಿ ಫಿಲ್ಟರ್‌ನ ಮೂಲೆಯ ನೀರು ಕನ್ನಡಿಯಂತೆ ನಿಶ್ಚಲವಾಗಿತ್ತು. ಹಿಂದಿನ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, 2.10ರ ಚಿತ್ರದಲ್ಲಿದ್ದ ಅಲೆಗಳು 2.20ರ ಚಿತ್ರದಲ್ಲಿ ಇರಲಿಲ್ಲ. ಮನೆಯ ಕೀಲಿ ಇದ್ದ ಸ್ನೇಹಿತನಿಗೆ ಫೋನ್ ಮಾಡಿದೆ. ಅರ್ಧ ಗಂಟೆಯ ಬಳಿಕ ಪರದೆಯ ಮೇಲೆ ಒಂದು ಕೈ ನೀರಿಗಿಳಿದು, ಫಿಲ್ಟರ್‌ನ ಕೊಳವೆಯ ಬಾಯಿಗೆ ಸುತ್ತಿಕೊಂಡಿದ್ದ ಉದ್ದನೆಯ ಎಲೆಯೊಂದನ್ನು ಎಳೆದು ತೆಗೆದು, ಕ್ಯಾಮೆರಾದ ಎದುರು ಹಿಡಿದು ತೋರಿಸಿತು.