ಸೌದೆ ಸೀಳುವ ಯಂತ್ರ: ಟ್ರ್ಯಾಕ್ಟರ್ ಹಿಂದೆ ಕಟ್ಟುವುದಾ, ಸ್ವಂತ ಎಂಜಿನ್ನಿನದ್ದಾ?

ಟ್ರ್ಯಾಕ್ಟರ್ ಇರುವವರು ಸೌದೆ ಸೀಳುವ ಯಂತ್ರ ಹುಡುಕಲು ಹೊರಟರೆ ಎಲ್ಲರೂ ಹೇಳುವುದು ಒಂದೇ ಮಾತು. "ಟ್ರ್ಯಾಕ್ಟರ್ ಇದೆಯಲ್ಲ, ಅದರ ಹಿಂದೆ ಕಟ್ಟುವುದನ್ನೇ ತಗೊಳ್ಳಿ. ಇನ್ನೊಂದು ಎಂಜಿನ್ ಯಾಕೆ ಸುಮ್ನೆ?" ನನಗೂ ಹಾಗೇ ಹೇಳಿದರು. ಮಾತಿನಲ್ಲಿ ನ್ಯಾಯ ಇತ್ತು. ಆದರೂ ಎರಡು ಬಗೆಯದನ್ನೂ ಎರವಲು ತಂದು, ನಾನೇ ನಿಂತು ಸೀಳಿ ನೋಡಿದೆ. ಕೊನೆಗೆ ತಗೊಂಡದ್ದು ಸ್ವಂತ ಎಂಜಿನ್ ಇರುವುದನ್ನು. ಕಾರಣ ಒಂದೇ: ಸೌದೆ ಕೆಲಸದ ದಿನ ನನ್ನ ಟ್ರ್ಯಾಕ್ಟರ್‌ಗೆ ಬಿಡುವೇ ಇರುವುದಿಲ್ಲ. ಆದರೆ ಅಲ್ಲಿಗೆ ಬರುವ ಮೊದಲು ಬೇರೆ ಕೆಲವು ಲೆಕ್ಕ ಹಾಕಬೇಕಾಯಿತು. ಅವು ನಿಮಗೂ ಬೇಕಾಗುತ್ತವೆ.

ಮೊದಲು ಟನ್ನಿನ ವಿಷಯ. "ಎಷ್ಟು ಟನ್ನಿನದು?" ಅಂತಲೇ ಎಲ್ಲರೂ ಕೇಳುತ್ತಾರೆ. ಒತ್ತಡದ ಆಯಿಲ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ, ಆ ಬಲದಲ್ಲಿ ಬೆಣೆ ದಿಮ್ಮಿಯನ್ನು ಸೀಳುತ್ತದೆ. ಸಿಲಿಂಡರಿನ ಒಳ ಅಗಲ ಮತ್ತು ಆಯಿಲ್ ಒತ್ತಡ, ಈ ಎರಡರಿಂದಲೇ ಟನ್ ಬರುತ್ತದೆ. 100 ಮಿ.ಮೀ. ಸಿಲಿಂಡರ್ ಅಂದರೆ ಪಿಸ್ಟನ್ನಿನ ಮುಖ ಸುಮಾರು 78 ಚದರ ಸೆಂ.ಮೀ. ಅದಕ್ಕೆ 160 ಬಾರ್ ಒತ್ತಡ ಕೊಟ್ಟರೆ 13 ಟನ್ನಿನ ಹತ್ತಿರ ತಳ್ಳುತ್ತದೆ. 200 ಬಾರ್ ಕೊಟ್ಟರೆ 16 ಟನ್. ಆ ಆಯಿಲ್ಲನ್ನು ಟ್ರ್ಯಾಕ್ಟರಿನ ಪಂಪು ಕೊಟ್ಟಿತೋ ಪುಟ್ಟ ಪೆಟ್ರೋಲ್ ಎಂಜಿನ್ ಕೊಟ್ಟಿತೋ ಸಿಲಿಂಡರಿಗೆ ಗೊತ್ತಾಗುವುದಿಲ್ಲ. 40 ಎಚ್‌ಪಿ ಟ್ರ್ಯಾಕ್ಟರ್ ಅಂದ ಮಾತ್ರಕ್ಕೆ ಬೆಣೆಗೆ ಹೆಚ್ಚು ಬಲ ಬಂದುಬಿಡುವುದಿಲ್ಲ. ಅಂಟಿಸಿದ ಚೀಟಿಯಲ್ಲಿ ಬರೆದ ಟನ್ ನೋಡಿ ಮರುಳಾಗಬೇಡಿ. ಸಿಲಿಂಡರಿನ ಒಳ ಅಗಲ ಎಷ್ಟು, ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಆಯಿಲ್ ಬಿಟ್ಟುಕೊಡುವ ವಾಲ್ವ್) ಎಷ್ಟು ಬಾರ್‌ಗೆ ಕೂರಿಸಿದ್ದಾರೆ ಅಂತ ಕೇಳಿ, ನೀವೇ ಗುಣಿಸಿ ನೋಡಿ.

ನಿಜವಾದ ವ್ಯತ್ಯಾಸ ಇರುವುದು ವೇಗದಲ್ಲಿ. ಅದು ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಅದೇ 100 ಮಿ.ಮೀ. ಸಿಲಿಂಡರ್ 600 ಮಿ.ಮೀ. ಓಡಬೇಕಾದರೆ 4.7 ಲೀಟರ್ ಆಯಿಲ್ ಬೇಕು. ಟ್ರ್ಯಾಕ್ಟರ್ ನಿಮಿಷಕ್ಕೆ 20 ಲೀಟರ್ ಕೊಟ್ಟರೆ ಹೋಗಲು 14 ಸೆಕೆಂಡು, ವಾಪಸ್ ಬಂದು ನಿಲ್ಲುವ ಹೊತ್ತಿಗೆ ಹತ್ತಿರ ಹತ್ತಿರ 25 ಸೆಕೆಂಡು. ಒಂದು ದಿಮ್ಮಿಗೆ ಇದು ಏನೂ ಅಲ್ಲ. ಆದರೆ ಒಂದೊಂದು ದಿಮ್ಮಿಗೂ ನಾಲ್ಕಾರು ಸಲ ಲಿವರ್ ಎಳೆಯಬೇಕು. ಕೈ ಕಟ್ಟಿಕೊಂಡು ಬೆಣೆಯ ದಾರಿ ಕಾಯುತ್ತಾ ನಿಲ್ಲುವುದೇ ಕೆಲಸವಾಗುತ್ತದೆ. ನನ್ನ ಟ್ರ್ಯಾಕ್ಟರ್ ಚಿಕ್ಕದು, ನನಗೆ ಆಗಿದ್ದೂ ಅದೇ. ಥ್ರಾಟಲ್ ಏರಿಸಿದರೆ ವೇಗ ಬರುತ್ತದೆ ನಿಜ, ಜೊತೆಗೆ ಡೀಸೆಲ್ಲೂ ಸದ್ದೂ ಏರುತ್ತವೆ. ಮೀಟರಿನಲ್ಲಿ ಗಂಟೆಗಳೂ ಸೇರುತ್ತಾ ಹೋಗುತ್ತವೆ.

ಸ್ವಂತ ಎಂಜಿನ್ನಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಹಂತದ ಪಂಪು ಇರುತ್ತದೆ. ನನಗೆ ತುಂಬಾ ಹಿಡಿಸಿದ ಭಾಗ ಇದು. ಒಳಗೆ ಒಂದು ದೊಡ್ಡ ಗೇರ್ ಜೋಡಿ, ಒಂದು ಚಿಕ್ಕದು. ಬೆಣೆ ಖಾಲಿ ಓಡುವಾಗ ಎರಡೂ ಸೇರಿ ಆಯಿಲ್ ತಳ್ಳುತ್ತವೆ. ನಿಮಿಷಕ್ಕೆ 40 ಲೀಟರ್ ಬಂದರೆ ಹೋಗಿಬರಲು 12-13 ಸೆಕೆಂಡು ಸಾಕು. ಮರ ಎದುರು ನಿಂತು ಒತ್ತಡ ಸುಮಾರು 40 ಬಾರ್ ದಾಟಿತು ಅಂದರೆ ದೊಡ್ಡ ಜೋಡಿಯ ಆಯಿಲ್ ಸೀದಾ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಚಿಕ್ಕದೊಂದೇ ಪೂರ್ತಿ ಒತ್ತಡದಲ್ಲಿ ತಳ್ಳುತ್ತದೆ. ಇದು ಕಿವಿಗೇ ಗೊತ್ತಾಗುತ್ತದೆ. ಎಂಜಿನ್ ಸದ್ದು ಭಾರವಾಗುತ್ತದೆ, ಬೆಣೆ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ದಿಮ್ಮಿಯ ಮುಖದಲ್ಲಿ ಕೂದಲೆಳೆಯಷ್ಟು ಬಿರುಕು ಹರಿಯುತ್ತದೆ. ಆಮೇಲೆ ಚಟ್ ಅಂತ ಬಿಡುತ್ತದೆ, ಬೆಣೆ ಮತ್ತೆ ಓಡುತ್ತದೆ. ನೇರ ನಾರಿನ ಮರವಾದರೆ ಈ ಎರಡನೇ ಹಂತ ಕಾಣುವುದೇ ಅಪರೂಪ. ಪುಟ್ಟ ಎಂಜಿನ್ನಿಗೆ ಇಷ್ಟು ಕೆಲಸ ಸಾಧ್ಯವಾಗುವುದು ಈ ಪಂಪಿನಿಂದಲೇ. ಇದಿಲ್ಲದೆ 30 ಲೀಟರ್ ಆಯಿಲ್ಲನ್ನು 160 ಬಾರ್‌ನಲ್ಲಿ ತಳ್ಳಲು ಪಂಪಿನ ಬಾಯಲ್ಲೇ 8 ಕಿಲೋವಾಟ್, ಅಂದರೆ 11 ಎಚ್‌ಪಿ ಹತ್ತಿರ ಬೇಕು.

ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಹಿಂದೆ ತಿರುಗುವ ಶಾಫ್ಟಿನ ತುದಿಗೆ, ಪಂಪು ಹಾಕಿಕೊಳ್ಳುವ ಮಾದರಿಯೂ ಇದೆ. ಪಿಟಿಒ ನಿಮಿಷಕ್ಕೆ 540 ಸುತ್ತು ಕೊಡುತ್ತದೆ, ಗೇರ್ ಪಂಪಿಗೆ ಅದು ಸಾಲದು. ಅದಕ್ಕೇ ನಡುವೆ ಸುತ್ತು ಏರಿಸುವ ಗೇರ್‌ಬಾಕ್ಸ್ ಇರುತ್ತದೆ. ಆಯಿಲ್ ಟ್ಯಾಂಕೂ ಬೇರೆಯೇ. ವೇಗದ ಕೊರತೆ ಇದರಲ್ಲಿ ನೀಗುತ್ತದೆ. ಆದರೆ ಪಂಪಿನ ಮೈ ಶಾಫ್ಟಿನ ಜೊತೆ ತಿರುಗದಂತೆ ಸರಪಳಿಯನ್ನೋ ಆರ್ಮನ್ನೋ ಗಟ್ಟಿಯಾಗಿ ಕಟ್ಟಲೇಬೇಕು, ಶಾಫ್ಟ್ ಇದ್ದರೆ ಅದರ ಕವಚ ತೆಗೆಯಲೇಬಾರದು. ಆಪರೇಟರ್ ಸೀಟಿನಿಂದ ಎದ್ದರೆ ಪಿಟಿಒ ನಿಲ್ಲುವ ಟ್ರ್ಯಾಕ್ಟರುಗಳೂ ಇವೆ. ನಿಂತಲ್ಲೇ ಪಿಟಿಒ ಓಡಿಸುವ ವ್ಯವಸ್ಥೆ ನಿಮ್ಮದರಲ್ಲಿ ಹೇಗಿದೆ ಅಂತ ಮೊದಲೇ ನೋಡಿಕೊಳ್ಳಿ.

ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿಗೇ ಪೈಪ್ ಜೋಡಿಸುವವರು ಎರಡು ಸಂಗತಿ ನೋಡಬೇಕು. ಒಂದು, ಟ್ರ್ಯಾಕ್ಟರ್ ಓಪನ್ ಸೆಂಟರ್ರಾ ಕ್ಲೋಸ್ಡ್ ಸೆಂಟರ್ರಾ. ಓಪನ್ ಸೆಂಟರಿನಲ್ಲಿ ಆಯಿಲ್ ಸದಾ ಸುತ್ತುತ್ತಲೇ ಇರುತ್ತದೆ, ಕ್ಲೋಸ್ಡ್ ಸೆಂಟರಿನಲ್ಲಿ ಕೆಲಸ ಬಂದಾಗ ಮಾತ್ರ ಹರಿಯುತ್ತದೆ. ಯಂತ್ರದ ವಾಲ್ವ್ ಅದೇ ಜಾತಿಯದಾಗಿರಬೇಕು. ಇಲ್ಲದಿದ್ದರೆ ಆಯಿಲ್ ರಿಲೀಫ್ ವಾಲ್ವಿನಿಂದಲೇ ಹಾಯುತ್ತಾ ಕುದಿಯುವಂತೆ ಬಿಸಿಯಾಗುತ್ತದೆ. ಎರಡನೆಯದು ನನಗೆ ಇನ್ನೂ ಮುಖ್ಯ. ಅನೇಕ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ಕಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಬೇರೆಯವರ ಯಂತ್ರ ಜೋಡಿಸಿದಾಗ ಅದರ ಸಿಲಿಂಡರಿನಲ್ಲಿ ನಿಂತ ಹಳೇ ಆಯಿಲ್, ನೀರು, ಪೈಪ್ ಸಿಕ್ಕಿಸುವ ಕಪ್ಲರಿನ ಮೇಲಿನ ಮರದ ಹುಡಿ, ಎಲ್ಲವೂ ನಿಮ್ಮ ಗೇರ್‌ಬಾಕ್ಸಿಗೆ ಹೋಗುತ್ತದೆ. ಎರವಲು ತಂದ ಯಂತ್ರ ಜೋಡಿಸುವಾಗ ನಾನು ಕಪ್ಲರ್ ಒರೆಸಿ, ಸಿಲಿಂಡರಿನ ಆಯಿಲ್ಲನ್ನು ಬೇರೆ ಡಬ್ಬಕ್ಕೆ ಬಸಿದ ಮೇಲೇ ಸಿಕ್ಕಿಸಿದ್ದು. ಆದರೆ ದಿನಾ ಬಿಚ್ಚಿ ಕಟ್ಟುವಾಗ ಈ ಎಚ್ಚರ ಎಷ್ಟು ಕಾಲ ಉಳಿಯುತ್ತದೆ, ಹೇಳಿ?

ಈಗ ಬಿಡುವಿನ ಮಾತಿಗೆ ಬರುತ್ತೇನೆ. ನನ್ನಲ್ಲಿ ಇರುವುದು ಒಂದೇ ಟ್ರ್ಯಾಕ್ಟರ್. ದಿಮ್ಮಿ ತರುವುದು ಅದರ ಟ್ರೇಲರಿನಲ್ಲಿ. ಸೀಳಿದ ಸೌದೆಯನ್ನು ಪೇರಿಸುವ ಜಾಗಕ್ಕೆ ಒಯ್ಯುವುದೂ ಅದರಲ್ಲೇ. ಸೀಳುವ ಯಂತ್ರವೂ ಅದರ ಬೆನ್ನಿಗೇ ಬೇಕು ಅಂದರೆ ಏನಾಗುತ್ತದೆ? ಟ್ರೇಲರ್ ಬಿಡಿಸಬೇಕು, ಹಿಂದಕ್ಕೆ ತಂದು ಲಿಂಕೇಜಿನ (ಯಂತ್ರವನ್ನು ಹಿಡಿದು ಎತ್ತುವ ಹಿಂದಿನ ತೋಳುಗಳ) ಎರಡೂ ಕೆಳಗಿನ ಲಿಂಕ್ ಸರಿಹೊಂದಿಸಬೇಕು, ಮೇಲಿನ ಲಿಂಕ್ ತಿರುಪಿ ಪಿನ್ ಹಾಕಬೇಕು, ಪೈಪ್ ಸಿಕ್ಕಿಸಬೇಕು. ಸೀಳಿದ ರಾಶಿ ಬೆಳೆದು ಕಾಲಿಗೆ ಸಿಗುವ ಹೊತ್ತಿಗೆ ಇದೆಲ್ಲವನ್ನೂ ಬಿಚ್ಚಿ ಮತ್ತೆ ಟ್ರೇಲರ್ ಕಟ್ಟಬೇಕು. ಜೋಡಣೆ ಕಷ್ಟವಲ್ಲ, ಆದರೆ ಕೆಲಸದ ಓಟ ತುಂಡಾಗುತ್ತದೆ. ಸ್ವಂತ ಎಂಜಿನ್ನಿನದು ಬಂದ ಮೇಲೆ ಟ್ರೇಲರನ್ನು ಯಂತ್ರದ ಪಕ್ಕದಲ್ಲೇ ನಿಲ್ಲಿಸುತ್ತೇನೆ. ದಿಮ್ಮಿ ಒಂದು ಕಡೆಯಿಂದ ಬರುತ್ತದೆ, ಸೌದೆ ಸೀದಾ ಟ್ರೇಲರಿಗೆ ಬೀಳುತ್ತದೆ. ನೆಲಕ್ಕೆ ಹಾಕಿ ಮತ್ತೆ ಬಗ್ಗಿ ಎತ್ತುವುದು ತಪ್ಪಿತು. ಸಂಜೆ ಸೊಂಟಕ್ಕೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಸೊಂಟ ಅಂದೆನಲ್ಲ, ಎತ್ತುವ ಭಾರದ ಬಗ್ಗೆ ಜನ ಯೋಚಿಸುವುದೇ ಕಡಿಮೆ. 50 ಸೆಂ.ಮೀ. ಅಡ್ಡಗಲ, 40 ಸೆಂ.ಮೀ. ಉದ್ದದ ಹಸಿ ಗಟ್ಟಿಮರದ ತುಂಡು 80 ಕಿಲೋ ಹತ್ತಿರ ತೂಗುತ್ತದೆ. ಅದನ್ನು ಎತ್ತಿ ಯಂತ್ರದ ಮೇಲೆ ಇಡುವುದು ಒಬ್ಬರ ಕೆಲಸವಲ್ಲ. ಹಾಗಾಗಿ ನೆಟ್ಟಗೆ ನಿಲ್ಲಿಸಬಹುದಾದ ಯಂತ್ರವನ್ನೇ ನೋಡಿದೆ. ದೊಡ್ಡ ತುಂಡನ್ನು ಉರುಳಿಸಿ ತಂದು ತಳದ ತಗಡಿನ ಮೇಲೆ ನಿಲ್ಲಿಸಿದರೆ ಸಾಕು. ಈ ವಿಷಯದಲ್ಲಿ ಟ್ರ್ಯಾಕ್ಟರಿನದಕ್ಕೂ ಒಂದು ಒಳ್ಳೆಯ ಗುಣ ಇದೆ. ಮಲಗಿದ ಮಾದರಿಯನ್ನು ಲಿಂಕೇಜಿನಿಂದ ನಿಮ್ಮ ಸೊಂಟದ ಎತ್ತರಕ್ಕೆ ಸರಿಯಾಗಿ ಏರಿಸಿಕೊಳ್ಳಬಹುದು. ಸ್ವಂತ ಎಂಜಿನ್ನಿನ ಗಾಲಿ ಯಂತ್ರದಲ್ಲಿ ಆ ಸುಖ ಇಲ್ಲ. ದಿಮ್ಮಿ ಮಲಗಿಸುವ ಅದರ ತೊಲೆ ಬಹಳ ಸಲ ಮೊಣಕಾಲಿಗಿಂತ ಸ್ವಲ್ಪವೇ ಮೇಲಿರುತ್ತದೆ.

ಗಂಟು ಮರದ ವಿಷಯಕ್ಕೆ ಯಾವ ಯಂತ್ರವಾದರೂ ಒಂದೇ. ನಡುವಿಗೆ ಬೆಣೆ ಇಡಬೇಡಿ. ಅಂಚಿನಿಂದ ಹೋಳು ಹೋಳಾಗಿ ತೆಗೆಯುತ್ತಾ ಬನ್ನಿ. ಮೊದಲೇ ಬಿರುಕು ಇದ್ದರೆ ಬೆಣೆಯನ್ನು ಅದರ ಗೆರೆಗೇ ಇಡಿ. ನೀಲಗಿರಿಯಂಥ ಹುರಿನಾರಿನ ಮರವನ್ನು ನಾನು ಹಸಿಯಲ್ಲೇ ಸೀಳುತ್ತೇನೆ. ಒಣಗಿದ ಮೇಲೆ ಅದರ ಹಟವೇ ಬೇರೆ.

ಎಂಜಿನ್ ಸಾಕುವುದು ಹೊರೆ ಅನ್ನುವ ಮಾತಿನಲ್ಲಿ ಸತ್ಯ ಇದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸುತ್ತೇನೆ. ಹಳೇ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿ ಕೂತರೆ ಮುಂದಿನ ಸಲ ಹಗ್ಗ ಎಳೆದು ಎಳೆದು ಭುಜ ಬೀಳುತ್ತದೆ. ಏರ್ ಫಿಲ್ಟರಿಗೆ ಮರದ ಹುಡಿ ಬೇಗ ಕಟ್ಟುತ್ತದೆ. ಹೈಡ್ರಾಲಿಕ್ ಟ್ಯಾಂಕ್ ಚಿಕ್ಕದು, ಬಿಸಿಲಿನಲ್ಲಿ ಒಂದೇ ಸಮನೆ ಓಡಿಸಿದರೆ ಆಯಿಲ್ ಕಾಯುತ್ತದೆ, ನಡುವೆ ನಿಲ್ಲಿಸಬೇಕು. ಟ್ರ್ಯಾಕ್ಟರಿನಲ್ಲಿ ಆಯಿಲ್ ಜಾಸ್ತಿ ಇರುವುದರಿಂದ ಈ ತಾಪತ್ರಯ ಕಡಿಮೆ. ಮುಚ್ಚಿದ ಶೆಡ್ಡಿನೊಳಗೆ ಎರಡನ್ನೂ ಓಡಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ಕೈಗಳ ಮಾತು. ಲಿವರ್ ಎಳೆಯುವವರೇ ದಿಮ್ಮಿ ಇಡಬೇಕು. ಒಬ್ಬರು ಇಟ್ಟು ಇನ್ನೊಬ್ಬರು ಎಳೆಯುವ ಪದ್ಧತಿ ನಮ್ಮಲ್ಲಿ ಬೇಡವೇ ಬೇಡ ಅಂತ ಖಂಡಿತವಾಗಿ ಹೇಳಿದ್ದೇನೆ. ಬೆಣೆ ಯಂತ್ರಗಳಿಗಿರುವ ಯುರೋಪಿನ ಇಎನ್ 609-1 ಮಾನದಂಡ ಎರಡೂ ಕೈ ಬಳಸಿದರೆ ಮಾತ್ರ ಓಡುವ ವ್ಯವಸ್ಥೆ ಕೇಳುವುದು ಇದೇ ಭಯಕ್ಕೆ. ಹೋಸ್ ಪೈಪಿನಲ್ಲಿ ಸೂಜಿತೂತು ಬಿದ್ದಿದೆ ಅನ್ನಿಸಿದರೆ ಕೈಯಿಂದ ಸವರಿ ಹುಡುಕಬೇಡಿ. ಆ ಒತ್ತಡದ ಆಯಿಲ್ ಚರ್ಮದೊಳಗೇ ನುಗ್ಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿದು ನೋಡಿ.

ಹಾಗಾದರೆ ಟ್ರ್ಯಾಕ್ಟರಿನದು ಯಾರಿಗೆ? ಎರಡು ಟ್ರ್ಯಾಕ್ಟರ್ ಇರುವವರಿಗೆ, ಅಥವಾ ಸೌದೆ ಕಾಲದಲ್ಲಿ ಅದು ಸುಮ್ಮನೆ ನಿಂತಿರುವವರಿಗೆ. ಮರ ಬಿದ್ದ ಜಾಗದಲ್ಲೇ ಸೀಳಬೇಕಾದವರಿಗೂ ಅದೇ ಸರಿ. ಹಳ್ಳ ದಿಣ್ಣೆಯಲ್ಲಿ ಲಿಂಕೇಜಿನ ಮೇಲೆ ಎತ್ತಿಕೊಂಡು ಹೋದಷ್ಟು ಸಲೀಸಾಗಿ ಗಾಲಿ ಯಂತ್ರವನ್ನು ಎಳೆಯಲಾಗುವುದಿಲ್ಲ. ಟ್ರ್ಯಾಕ್ಟರ್ ನಿಮಿಷಕ್ಕೆ 40 ಲೀಟರ್ ಮೇಲೆ ಕೊಡುವಂಥದಾದರೆ ವೇಗದ ದೂರೂ ಉಳಿಯುವುದಿಲ್ಲ. ಇಷ್ಟೆಲ್ಲ ಇದ್ದಿದ್ದರೆ ನಾನೂ ಅದನ್ನೇ ತರುತ್ತಿದ್ದೆ.

ಯಾವುದನ್ನೇ ನೋಡಲು ಹೋದರೂ ನಿಮ್ಮ ರಾಶಿಯ ಅತಿ ಗಂಟಿನ ದಿಮ್ಮಿಯನ್ನು ಜೊತೆಗೆ ಒಯ್ಯಿರಿ. ಅಂಗಡಿಯವರು ಇಟ್ಟಿರುವ ನೇರ ನಾರಿನ ಒಣ ತುಂಡು ಎಲ್ಲದರಲ್ಲೂ ಚೆನ್ನಾಗಿಯೇ ಸೀಳುತ್ತದೆ. ಅರ್ಧ ಗಂಟೆ ಓಡಿಸಿ. ಬೆಣೆ ಪೂರ್ತಿ ಹೋಗಿಬರಲು ಎಷ್ಟು ಸೆಕೆಂಡು ಬೇಕು ಅಂತ ಫೋನಿನಲ್ಲಿ ಅಳೆಯಿರಿ. ಬೆಣೆ ಕೊನೆಯ ತಗಡಿನ ಎಷ್ಟು ಹತ್ತಿರಕ್ಕೆ ಹೋಗಿ ನಿಲ್ಲುತ್ತದೆ ನೋಡಿ. ತುಂಬಾ ಮೊದಲೇ ನಿಂತರೆ ನಾರು ಬಿಡದ ಮರವನ್ನು ಕೊಡಲಿಯಿಂದ ಬಿಡಿಸುತ್ತಾ ಕೂರಬೇಕಾಗುತ್ತದೆ. ತೊಲೆಯ ಬೆಸುಗೆಯ ಮೇಲೆ ಬಣ್ಣ ಬಿರುಕು ಬಿಟ್ಟಿದೆಯಾ ಅಂತಲೂ ಬಗ್ಗಿ ನೋಡಿ.