ಮಳೆಗಾಲದಲ್ಲೂ ಚಿನ್ನ ಕೆಂಪಗೇ ಬಂತು

"ಚಿನ್ನದ ನ್ಯಾನೊ ಕಣ ಎಲ್ಲ ಬೆಂಗಳೂರಿನವರ ಕೆಲಸ, ಚಿಕ್ಕಮಗಳೂರಿನ ಡಿಗ್ರಿ ಕಾಲೇಜಲ್ಲಿ ಆಗಲ್ಲ ಬಿಡಿ ಮೇಡಂ" ಅಂದವರು ಒಬ್ಬಿಬ್ಬರಲ್ಲ. ಈಗ ನಮ್ಮ ಲ್ಯಾಬಿನ ಫ್ರಿಜ್‌ನಲ್ಲಿ ಕೆಂಪು ಕೊಲಾಯ್ಡ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ತೇಲುವ ನೀರಿನ ಬಾಟಲಿಗಳು ಸಾಲಾಗಿ ಕೂತಿವೆ. ಬೇಕಾದವರು ಬಂದು ನೋಡಬಹುದು.

ವಿಧಾನ ಹೊಸದೇನಲ್ಲ, 1951ರ ಟರ್ಕೆವಿಚ್ ಅವರ ಸಿಟ್ರೇಟ್ ವಿಧಾನ. ಕುದಿಯುವ ಚಿನ್ನದ ಲವಣದ ದ್ರಾವಣಕ್ಕೆ ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಹಾಕಿದರೆ ಚಿನ್ನದ ಕಣಗಳು ಹುಟ್ಟುತ್ತವೆ, ಅಷ್ಟೇ. ಎಲ್ಲಿ ಕೈಕೊಡುತ್ತದೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ಪೆಟ್ಟು ಕೊಟ್ಟಿದ್ದು ಮಳೆ. ಚಿನ್ನದ ಮೂಲವಾದ ಕ್ಲೋರೋಆರಿಕ್ ಆಸಿಡ್ ಗ್ರಾಂಗೆ ಹತ್ತು ಸಾವಿರದ ಮೇಲೇ ಬಿದ್ದಿತ್ತು. ಜುಲೈ ತಿಂಗಳಲ್ಲಿ ತೂಗಲು ತೆಗೆದರೆ ಹಳದಿ ಹರಳು ಪೇಪರ್ ಮೇಲೇ ನೀರೊಡೆಯಿತು. ಸ್ಟೀಲ್ ಸ್ಪ್ಯಾಚುಲಾ ಕಪ್ಪಾಯಿತು. ಅಂದಿನಿಂದ ತೂಗುವ ಸಹವಾಸವೇ ಬೇಡ ಅಂತ, ಒಂದು ಗ್ರಾಂ ಬಾಟಲಿಯನ್ನು ಪೂರ್ತಿ ಕರಗಿಸಿ, ಬಾಟಲಿ ತೊಳೆದ ನೀರನ್ನೂ ಸೇರಿಸಿ ಸ್ಟಾಕ್ (ಬೇಕಾದಾಗ ತೆಳುಮಾಡಿ ಬಳಸುವ ಗಟ್ಟಿ ದ್ರಾವಣ) ಮಾಡಿಡುತ್ತೇನೆ. 0.25 ಮಿಲಿಮೋಲಾರ್ ಸಾಂದ್ರತೆಯ ಲೆಕ್ಕದಲ್ಲಿ ಸುಮಾರು ಹತ್ತು ಲೀಟರ್ ಕೊಲಾಯ್ಡ್ ಬರುತ್ತದೆ. ರೆಡಿಮೇಡ್ ರೇಟ್ ಕೇಳಿದವರಿಗೆ ಇದು ಜಾಸ್ತಿ ಅನ್ನಿಸಲ್ಲ, ಅಲ್ವಾ?

ಆಮೇಲೆ ಶುರುವಾಗಿದ್ದು ನೇರಳೆ ಕಾಟ. ಬ್ಯಾಚ್ ಮೇಲೆ ಬ್ಯಾಚ್ ಕೆಂಪಾಗದೆ ನೇರಳೆಗೇ ನಿಂತುಬಿಡುತ್ತಿತ್ತು, ಬೆಳಿಗ್ಗೆ ನೋಡಿದರೆ ತಳದಲ್ಲಿ ಕಪ್ಪು ಚರಟ. ಎಲ್ಲರೂ ಕೆಮಿಕಲ್ ಸರಿಯಿಲ್ಲ ಅಂದರು. ನನಗೆ ಗಾಜು ಮತ್ತು ನೀರಿನ ಮೇಲೆ ಅನುಮಾನ. ಫ್ಲಾಸ್ಕ್, ಸ್ಟಿರರ್ ಮ್ಯಾಗ್ನೆಟ್ ಎರಡನ್ನೂ ಫ್ಯೂಮ್ ಹುಡ್‌ನಲ್ಲಿ ಆಕ್ವಾ ರೀಜಿಯಾ (ಚಿನ್ನವನ್ನೂ ಕರಗಿಸುವ ಆಸಿಡ್ ಮಿಶ್ರಣ) ಹಾಕಿ ತೊಳೆದೆ. ಗಾಜಿನ ಸ್ಟಿಲ್‌ನಲ್ಲಿ ಎರಡು ಸಲ ಬಟ್ಟಿ ಇಳಿಸಿದ ನೀರು ತೆಗೆದುಕೊಂಡೆ. ಕುದಿಯುವ ತಿಳಿಹಳದಿ ದ್ರಾವಣಕ್ಕೆ ಸಿಟ್ರೇಟನ್ನು ಒಂದೇ ಸಲಕ್ಕೆ ಸುರಿದರೆ ಮೊದಲು ಬಣ್ಣವೇ ಹೋಯಿತು. ಆಮೇಲೆ ಬೂದು, ನೇರಳೆ, ಕೊನೆಗೆ ಮಾಣಿಕ್ಯದ ಕೆಂಪು! ಬೆಳಕು ಹೀರುವ ಪೀಕ್ 520 ನ್ಯಾನೊಮೀಟರ್ ಆಸುಪಾಸು. ಸಿಟ್ರೇಟ್‌ಗೆ ಮುಂಚೆ ನಾನು ಮಾಡುವ ಒಂದು ಸಣ್ಣ ಕೆಲಸವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಕಾಫಿ ಹಣ್ಣಿನ ಸಿಪ್ಪೆಯ ಹುಚ್ಚೂ ಹಿಡಿದಿತ್ತು. ಕೊಯ್ಲಿನ ಹೊತ್ತಿಗೆ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಪಕ್ಕ ರಾಶಿ ಬಿದ್ದಿರುತ್ತದೆ, ದುಡ್ಡು ಕೊಡಬೇಕಿಲ್ಲ. ಅದರ ಕಷಾಯ ಹಾಕಿದರೆ ಕುದಿಸದೆಯೂ ಬಣ್ಣ ಬರುತ್ತದೆ. ಆದರೆ ಒಂದೊಂದು ತೋಟದ ಸಿಪ್ಪೆಗೆ ಒಂದೊಂದು ಬಣ್ಣ. ಮಕ್ಕಳ ಪ್ರಾಜೆಕ್ಟ್‌ಗೆ ಸರಿ, ಕಣಗಳ ಮೇಲೆ ಆ್ಯಂಟಿಬಾಡಿ (ಒಂದು ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೊಟೀನ್) ಕೂರಿಸಲು ಬೇಡ.

ನನಗೆ ಬೇಕಿದ್ದದ್ದೇ ಆ್ಯಂಟಿಬಾಡಿ ಕೂರಿಸುವ ಕೆಲಸ. ಗರ್ಭ ಪರೀಕ್ಷೆಯ ಸ್ಟ್ರಿಪ್‌ಗಳಲ್ಲಿ ಮೂಡುವ ಕೆಂಪು ಗೆರೆ ಬಹುಪಾಲು ಇದೇ ಚಿನ್ನದ ಕಣಗಳದ್ದು. ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿ ಪಿಎಚ್ 9ರ ಹತ್ತಿರ ತಂದೆ. ಎಲೆಕ್ಟ್ರೋಡ್ ಅದ್ದಬೇಡಿ, ಕೊಲಾಯ್ಡ್ ಮೆತ್ತಿಕೊಂಡು ಹಾಳಾಗುತ್ತದೆ. ಪಿಎಚ್ ಪೇಪರ್ ಸಾಕು. ಸಾಲು ಟ್ಯೂಬ್‌ಗಳಿಗೆ ಆ್ಯಂಟಿಬಾಡಿ ಏರಿಸುತ್ತಾ ಹೋಗಿ, ಕೊನೆಗೆ ಶೇ. 10ರ ಉಪ್ಪುನೀರು ಹಾಕಿದೆ; ಆ್ಯಂಟಿಬಾಡಿ ಹೊದಿಕೆ ಸಾಲದ ಕಣಗಳನ್ನು ಉಪ್ಪು ಗಂಟುಕಟ್ಟಿಸುತ್ತದೆ. ಆ್ಯಂಟಿಬಾಡಿ ಸಾಲದ ಟ್ಯೂಬ್‌ಗಳು ಕಣ್ಣೆದುರೇ ನೀಲಿಯಾದವು. ಕೆಂಪಾಗಿ ಉಳಿದ ಮೊದಲ ಟ್ಯೂಬೇ ಅಳತೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿದರೆ ನಿಶ್ಚಿಂತೆ. ಆಮೇಲೆ ಬಿಎಸ್ಎ (ಹಸುವಿನ ರಕ್ತದ ಪ್ರೊಟೀನ್) ಹಾಕಿ ಕಣಗಳ ಮೇಲೆ ಉಳಿದ ಖಾಲಿ ಜಾಗ ಬ್ಲಾಕ್ ಮಾಡಿ ಫ್ರಿಜ್‌ನಲ್ಲಿಡಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ, ಹೆಪ್ಪುಗಟ್ಟಿ ಕರಗಿದರೆ ಕಣಗಳೆಲ್ಲ ಗಂಟುಕಟ್ಟುತ್ತವೆ, ಆ್ಯಂಟಿಬಾಡಿಯ ದುಡ್ಡೂ ಹೋಗುತ್ತದೆ.