ಪ್ರಾಫೆಟ್‌ಗಳ ಬಾಕಿ ಲೆಕ್ಕ

ಅಮೆರಿಕದ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿಗಳಾದ ಸ್ಟಾರ್ ಟ್ರೆಕ್‌ಗಳಲ್ಲಿ ದೇವರ ವಿಷಯಕ್ಕೆ ಧೈರ್ಯವಾಗಿ ಕೈಹಾಕಿದ್ದು ಡೀಪ್ ಸ್ಪೇಸ್ ನೈನ್ ಎಂಬುದು ನನ್ನ ಅಭಿಪ್ರಾಯ. 1993ರಿಂದ 1999ರವರೆಗೆ ಏಳು ಸೀಸನ್ ಬಂದ ಸರಣಿ ಅದು, ಕತೆ ನಡೆಯುವುದು ಬಜೋರ್ ಎಂಬ ಗ್ರಹದ ಬಳಿಯ ಬಾಹ್ಯಾಕಾಶ ನಿಲ್ದಾಣದಲ್ಲಿ. ಹಾಸನದ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕೈದು ಜನ ಸೇರಿ ನೋಡುತ್ತೇವೆ, ನೋಡಿದ್ದರ ಟಿಪ್ಪಣಿ ಬರೆಯುವ ಕೆಲಸ ನನ್ನದು. ಮೊದಲ ಕಂತಿಗೇ ಜಗಳ ಹತ್ತಿಕೊಂಡಿತು. ಬಜೋರ್ ಗ್ರಹದವರು ಪೂಜಿಸುವ ಪ್ರಾಫೆಟ್‌ಗಳು ದೇವರೋ, ಬಾಹ್ಯಾಕಾಶದ ಎರಡು ದೂರದ ಜಾಗಗಳನ್ನು ಬೆಸೆಯುವ ಸುರಂಗದ, ಅಂದರೆ ವರ್ಮ್‌ಹೋಲ್‌ನ, ಒಳಗೆ ವಾಸವಾಗಿರುವ, ನಿನ್ನೆ-ನಾಳೆಗಳ ಹಂಗಿಲ್ಲದ ಯಾವುದೋ ಜೀವಿಗಳೋ? ನಿಲ್ದಾಣ ನಡೆಸುವ ಬಾಹ್ಯಾಕಾಶ ಪಡೆ ಸ್ಟಾರ್‌ಫ್ಲೀಟ್‌ನವರ ಪಾಲಿಗೆ ಅವರು ಏಲಿಯನ್‌ಗಳು. ಬಜೋರ್‌ನವರ ಪಾಲಿಗೆ ಅದೇ ವರ್ಮ್‌ಹೋಲ್ ದೇವರ ಗುಡಿ.

ಈ ಪ್ರಶ್ನೆಯನ್ನೇ ನಾನು ಟಿಪ್ಪಣಿ ಪುಸ್ತಕದಿಂದ ಹೊರಗಿಟ್ಟೆ. ನಮ್ಮೂರ ಹಾಸನಾಂಬೆಯ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಒಳಗೆ ದೇವಿ ಇರುವುದು ಹುತ್ತದ ರೂಪದಲ್ಲಿ. ಗಂಟೆಗಟ್ಟಲೆ ಸಾಲಲ್ಲಿ ನಿಂತವರು ಇದು ಮಣ್ಣೋ ತಾಯಿಯೋ ಎಂದು ಚರ್ಚೆ ಮಾಡುವುದನ್ನು ನಾನಂತೂ ಕೇಳಿಲ್ಲ. ಹೋದ ವರ್ಷ ಹೊತ್ತ ಹರಕೆ ಏನಾಯಿತು, ಈ ಸಲ ಏನು ಬೇಡಿಕೊಳ್ಳುವುದು, ಇಷ್ಟೇ ಮಾತು. ಹಳ್ಳಿಯಲ್ಲಿ ಅಮ್ಮನ ಮುಂದೆ ಹೂ ಕೇಳುವಾಗಲೂ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂಬುದರ ಮೇಲೇ ಎಲ್ಲರ ಕಣ್ಣು. ಹಾಗಾಗಿ ಪ್ರತಿ ಕಂತಿಗೂ ನಾನು ಬರೆದುಕೊಂಡದ್ದು ವ್ಯವಹಾರವನ್ನು: ಯಾರು ಏನು ಕೇಳಿದರು, ಏನು ಸಿಕ್ಕಿತು, ಬೆಲೆ ತೆತ್ತವರು ಯಾರು.

ಹೀಗೆ ನೋಡಿದರೆ ಆರನೇ ಸೀಸನ್ನಿನ ಆ ಪ್ರಸಿದ್ಧ ಯುದ್ಧದ ಕಂತು (1997) ಬೇರೆಯೇ ಕಾಣುತ್ತದೆ. ಶತ್ರು ಸಾಮ್ರಾಜ್ಯ ಡೊಮಿನಿಯನ್‌ನ 2,800 ನೌಕೆಗಳು ವರ್ಮ್‌ಹೋಲ್ ದಾಟಿ ಬರುತ್ತಿವೆ. ಪ್ರಾಫೆಟ್‌ಗಳು ತಮ್ಮ ದೂತನೆಂದು ಆರಿಸಿಕೊಂಡ, ನಿಲ್ದಾಣದ ಮುಖ್ಯಸ್ಥ ಸಿಸ್ಕೊ ತನ್ನ ಒಂದೇ ನೌಕೆಯನ್ನು ಅವಕ್ಕೆ ಎದುರಾಗಿ ಒಳಗೆ ನುಗ್ಗಿಸುತ್ತಾನೆ. ಸಾವು ಖಚಿತ. ಪ್ರಾಫೆಟ್‌ಗಳು ಅವನನ್ನು ತಮ್ಮೆದುರಿಗೆ ಸೆಳೆದುಕೊಂಡು ತಡೆಯುತ್ತಾರೆ. ಸಿಸ್ಕೊ ಕೈ ಮುಗಿಯುವುದಿಲ್ಲ, ರೇಗುತ್ತಾನೆ. ಬಜೋರ್ ನಿಮ್ಮದಾದರೆ ಈಗ ಕಾಯಿರಿ, ದೇವರೆನ್ನಿಸಿಕೊಂಡ ಮೇಲೆ ದೇವರ ಕೆಲಸ ಮಾಡಿ ಎಂದು ತಗಾದೆಗೆ ನಿಲ್ಲುತ್ತಾನೆ. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕಿವಿಗೆ ಈ ದನಿ ಹೊಸದೇನಲ್ಲ. ಅಷ್ಟೂ ನೌಕೆ ಮಾಯ!

ಕತೆ ಬರೆದವರು ಸುಲಭದ ದಾರಿ ಹಿಡಿದರು ಎಂದು ಒಬ್ಬ ಗೆಳೆಯ ಮುಖ ಸಿಂಡರಿಸಿದ. ನನಗೆ ಹಾಗನ್ನಿಸಲಿಲ್ಲ. ಪ್ರಾಫೆಟ್‌ಗಳು ಅಲ್ಲೇ ಬೆಲೆ ಹೇಳಿಬಿಡುತ್ತಾರೆ: ಇವನು ಬಜೋರ್‌ಗೆ ಸೇರಿದವನು, ಆದರೆ ಅಲ್ಲಿ ಇವನಿಗೆ ನೆಮ್ಮದಿ ಇಲ್ಲ. ಮುಂದೆ ಸಿಸ್ಕೊ ಬಜೋರ್‌ನಲ್ಲಿ ಜಾಗ ಕೊಳ್ಳುತ್ತಾನೆ, ಮನೆಯ ನಕ್ಷೆ ಮಾಡುತ್ತಾನೆ, ಮದುವೆಯಾಗುತ್ತಾನೆ. ಕೊನೆಯ ಕಂತಿನಲ್ಲಿ ಬಸುರಿ ಹೆಂಡತಿಯನ್ನು ಬಿಟ್ಟು ಪ್ರಾಫೆಟ್‌ಗಳ ಜೊತೆ ಉಳಿಯಬೇಕಾಗುತ್ತದೆ. ಬಾಕಿ ವಸೂಲಾಯಿತು.

ಎದುರು ಪಾಳೆಯದ ದೇವರಾದ, ಡೊಮಿನಿಯನ್ ಆಳುವ ಫೌಂಡರ್‌ಗಳಲ್ಲಿ ಈ ಕೊಡು-ಕೊಳ್ಳುವಿಕೆಯೇ ಇಲ್ಲ. ತಮ್ಮ ಜೆಮ್‌ಹಡಾರ್ ಸೈನಿಕರ ಭಕ್ತಿಯನ್ನು ವಂಶವಾಹಿಯಲ್ಲೇ ತುಂಬಿ ಹುಟ್ಟಿಸಿರುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಗರುಡಗಂಬ ಇದೆ. ವೀರಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರಲಕ್ಷ್ಮ ಮತ್ತು ಅವನ ಗರುಡರ ನೆನಪಿನ ಕಂಬ ಅದು, ತಲೆ ಕಡಿದುಕೊಳ್ಳುವ ವೀರರನ್ನೂ ಅದರಲ್ಲಿ ಕೆತ್ತಿದ್ದಾರೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಅಲ್ಲಿ ಅನ್ನದ ಋಣವಿತ್ತು, ಕೊಟ್ಟ ಭಾಷೆಯಿತ್ತು. ಜೆಮ್‌ಹಡಾರ್‌ಗೆ ತಾವಾಗಿ ಭಾಷೆ ಕೊಡುವ ಅವಕಾಶವೇ ಇಲ್ಲ.

ಪರಲೋಕದ ವಿಷಯಕ್ಕೆ ವೀರಗಲ್ಲು ನೆರವಾಯಿತು. ನಮ್ಮ ಜಿಲ್ಲೆಯ ಕೆರೆ ಏರಿ, ಗುಡಿ ಅಂಗಳಗಳಲ್ಲಿ ನಿಂತ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಸರಣಿಯ ಯೋಧ ಜನಾಂಗವಾದ ಕ್ಲಿಂಗಾನ್‌ಗಳ ವೀರಸ್ವರ್ಗ ಸ್ಟೋವೊಕೋರ್ ಹೆಚ್ಚುಕಡಿಮೆ ಇದೇ ಕಲ್ಲು, ಕಾದಾಡಿ ಸತ್ತವರಿಗೆ ಮಾತ್ರ ಪ್ರವೇಶ. ಆದರೆ ನಿಲ್ದಾಣದಲ್ಲಿರುವ ಕ್ಲಿಂಗಾನ್ ವೋರ್ಫ್‌ನ ಹೆಂಡತಿ ಜಾಡ್ಜಿಯಾ ಕಾಳಗದಲ್ಲಿ ಸತ್ತವಳಲ್ಲ. ನಿಲ್ದಾಣದ ಪ್ರಾರ್ಥನಾ ಮಂದಿರದಲ್ಲಿ ಕೊಲೆಯಾದವಳು. ಕೆಳಗಿನ ಪಟ್ಟಿಕೆಯೇ ಇಲ್ಲದ ವೀರಗಲ್ಲು. ಅದನ್ನು ಗಂಡ ಕೆತ್ತಿಕೊಡುತ್ತಾನೆ. ಸೂರ್ಯಜ್ವಾಲೆ ಎಬ್ಬಿಸಿ ಶತ್ರುವಿನ ಹಡಗುಕಟ್ಟೆ ಸುಟ್ಟು, ಆ ಗೆಲುವನ್ನು ಅವಳ ಹೆಸರಿಗೆ ಅರ್ಪಿಸುತ್ತಾನೆ. ನಿಲ್ದಾಣದ ಗೆಳೆಯರಾದ ಬಶೀರ್, ಒಬ್ರಯನ್, ದುಡ್ಡೇ ದೊಡ್ಡಪ್ಪ ಎನ್ನುವ ಕ್ವಾರ್ಕ್ ಕೂಡ ಜೊತೆಗೆ ಹೋಗುತ್ತಾರೆ. ಇವರ‍್ಯಾರೂ ಕ್ಲಿಂಗಾನರಲ್ಲ. ತಿಥಿಗೆ ಬಂದವರನ್ನು ಪಿತೃಲೋಕಕ್ಕೆ ಪುರಾವೆ ಕೇಳುವುದುಂಟೇ?

ನನ್ನ ಲೆಕ್ಕಕ್ಕೆ ಸಿಗದೆ ಉಳಿದವಳು ಬಜೋರ್‌ನ ಧರ್ಮಗುರು ಕಾಯ್ ವಿನ್. ಪ್ರಾಫೆಟ್‌ಗಳ ಬೋಧನೆ ಬಿಡದ ತಪ್ಪಿಗೆ ಬಜೋರ್ ಆಕ್ರಮಿಸಿದ್ದ ಕಾರ್ಡಾಸಿಯನ್ನರ ಸೆರೆಶಿಬಿರದಲ್ಲಿ ಐದು ವರ್ಷ ಏಟು ತಿಂದವಳು. ಅಧಿಕಾರದ ಆಸೆಬುರುಕಿ, ಹೌದು. ಆದರೆ ಜೀವಮಾನವಿಡೀ ಕೇಳಿದರೂ ಅವಳಿಗೆ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ಹೂ ಬೀಳುವುದೇ ಇಲ್ಲ. ಕೊನೆಗೆ ಮೊದಲ ದರ್ಶನ ಆಯಿತೆಂದು ಹಿಗ್ಗಿದರೆ, ಅದು ಪ್ರಾಫೆಟ್‌ಗಳ ವೈರಿಗಳಾದ ಪಾಹ್-ರೇತ್‌ಗಳ ಮೋಸ. ನಂಬದ ಸಿಸ್ಕೊಗೆ ಮೊದಲ ಕಂತಿನಲ್ಲೇ ಒಲಿದವರು ಇವಳಿಗೇಕೆ ಬಾಯಿ ಬಿಡಲಿಲ್ಲ? ಅವಳ ಮನಸ್ಸು ಶುದ್ಧವಿರಲಿಲ್ಲ ಎಂದು ನಮ್ಮ ಗುಂಪಿನವರು ಹೇಳುತ್ತಾರೆ. ಕಾಣಿಕೆ ಹಾಕಿಸಿಕೊಂಡವರೂ ಒಂದು ಮಾತು ಆಡಬೇಕಿತ್ತು ಎಂದು ವಿನ್ ಪರ ವಾದಿಸುವವಳು ನಾನೊಬ್ಬಳೇ.